ಕೈಗೆ ಕೊಟ್ಟ ಉಪ್ಪು

“ಆ ಪೊಟ್ಟಣಾನ ನಾನೇ ಹೊನ್ನೂರಮ್ಮನ ಕೈಗೆ ಕೊಟ್ಟೆ ಅಂತ ಎಷ್ಟು ಸಲ ಹೇಳ್ಲಿ ಅಕ್ಕಾರೆ?”

ವಿನಯ್ ಕುಮಾರ್ ಈ ಮಾತನ್ನು ಹೇಳಿದ್ದು ಮೂರನೆಯ ಸಲ. ಮೂರು ಸಲವೂ ಅವನ ದೃಷ್ಟಿ ರುದ್ರಾಣಿಯ ಮುಖವನ್ನು ತಪ್ಪಿಸಿ, ಕಿಟಕಿಯ ಗಾಜಿಗೆ ಮೈಯೊತ್ತಿ ನಿಂತಿದ್ದ ಮಂಜಿನ ಕಡೆಗೆ ಹೋಗಿತ್ತು.

ಬೆಳಗಿನ ಹತ್ತೂಮುಕ್ಕಾಲು. ಆಲ್ಪ್ಸ್ ಪರ್ವತಗಳ ನಡುವೆ, ಏಳು ಸಾವಿರ ಅಡಿ ಎತ್ತರದಲ್ಲಿ, ಬೆಟ್ಟದ ಓಟದ ಸ್ಪರ್ಧಿಗಳಿಗೆ ನೀರು, ಸೂಪು, ಬ್ರೆಡ್ಡು ಒದಗಿಸಲೆಂದು ತೆರೆದಿದ್ದ ಕಲ್ಲುಮನೆ ಅದು. ಹೊರಗೆ ಬೆಳಕಿಗೇನೂ ಕೊರತೆಯಿರಲಿಲ್ಲ. ಆದರೆ ಆ ಬಿಳಿಯ ಬೆಳಕಿನಲ್ಲಿ ಹತ್ತು ಮಾರು ದೂರದ ಬೇಲಿಯ ಕಂಬವೂ ಕಾಣುತ್ತಿರಲಿಲ್ಲ. ಆಗೊಬ್ಬ ಈಗೊಬ್ಬ ಓಟಗಾರ, ಎರಡು ಕೈಯಲ್ಲೂ ಕೋಲು ಊರುತ್ತ, ಮಂಜಿನೊಳಗಿಂದ ಮೂಡಿ ಬರುತ್ತಿದ್ದ. ಒಂದು ಬಟ್ಟಲು ಸೂಪು ಕುಡಿದು ಮತ್ತೆ ಮಂಜಿನೊಳಗೇ ಕರಗಿ ಹೋಗುತ್ತಿದ್ದ.

ನ್ಯಾಮತಿಯ ತಿಪ್ಪೇಶ್ ಓಟದ ಮೂವತ್ತೆರಡನೆಯ ಕಿಲೋಮೀಟರಿನಲ್ಲಿ ದಾರಿಯ ಮೇಲೆಯೇ ಕುಸಿದು, ಹೆಲಿಕಾಪ್ಟರಿನಲ್ಲಿ ಕಣಿವೆಯ ಆಸ್ಪತ್ರೆ ಸೇರಿದ ಸುದ್ದಿ ಇಲ್ಲಿಗೆ ತಲುಪಿ ಕಾಲು ಗಂಟೆಯಾಗಿತ್ತು.

ಅವನು ಬಿದ್ದದ್ದು ದಣಿವಿನಿಂದಲ್ಲ. ನಿದ್ರೆ ಬರಿಸುವ ಔಷಧ ವಿಪರೀತ ಪ್ರಮಾಣದಲ್ಲಿ ಒಳಗೆ ಹೋಗಿದೆಯೆಂದು ವೈದ್ಯರು ಸ್ಪಷ್ಟವಾಗಿಯೇ ತಿಳಿಸಿದ್ದರು. ಬೀಳುವ ಅರ್ಧ ಗಂಟೆ ಮೊದಲು ಅವನು ಒಂದು ಉಪ್ಪಿನ ಮಾತ್ರೆ ನುಂಗಿದ್ದನ್ನು ಹಿಂದೆ ಬರುತ್ತಿದ್ದ ಸ್ಪರ್ಧಿಯೊಬ್ಬ ಕಂಡಿದ್ದ. ಆ ಮಾತ್ರೆ ಬಂದದ್ದು ಅವನದೇ ತಂಡದ ಹುಡುಗಿ, ಜಗಳೂರಿನ ಹೊನ್ನೂರಮ್ಮನ ಪೊಟ್ಟಣದಿಂದ.

ಅವಳು ಬಂಡೆಯ ಮೇಲಿಟ್ಟ ಪೊಟ್ಟಣದಿಂದ ಅವನು ಒಂದನ್ನು ಎತ್ತಿಕೊಂಡ ಮೇಲೆ ಅವಳು ಮುಂದೆ ಓಡಿದ್ದಳು. ಹಿಂದೆ ಅವನು ಬಿದ್ದ ಸಂಗತಿ ಅವಳಿಗೆ ತಿಳಿದಿರಲಿಲ್ಲ. ಹತ್ತೂಕಾಲಿಗೆ ಈ ಕಲ್ಲುಮನೆಗೆ ಬಂದು, ನಗುನಗುತ್ತ ಸೂಪು ಕುಡಿದು, ಮೇಲೆ, ಎರಡು ಶಿಖರಗಳ ನಡುವಿನ ಕಣಿವೆಬಾಯಿಯ ಕಡೆಗೆ ಹೊರಟುಹೋಗಿದ್ದಳು. ಅವಳ ಬಾಟಲಿಗೆ ನೀರು ತುಂಬಿ ಬೆನ್ನು ತಟ್ಟಿ ಕಳುಹಿಸಿದವಳು, ಅವಳ ಕಾವಲಿಗೆಂದು ತಂಡದ ಜೊತೆ ಬಂದಿದ್ದ ರುದ್ರಾಣಿಯೇ.

ರುದ್ರಾಣಿ ಶಾಲು ಬಿಗಿದುಕೊಂಡು ಲೆಕ್ಕ ಹಾಕತೊಡಗಿದಳು.

ಲೆಕ್ಕ ಸರಳವಾಗಿತ್ತು, ಭಯಂಕರವಾಗಿದ್ದುದೂ ಅದರಿಂದಲೇ. ಬೆವರಿನಲ್ಲಿ ಹೋದ ಉಪ್ಪನ್ನು ತುಂಬಿಕೊಳ್ಳಲೆಂದು ಹೊನ್ನೂರಮ್ಮ ಪ್ರತಿಯೊಂದು ಏರಿನ ತುದಿಯಲ್ಲಿ ಒಂದು ಮಾತ್ರೆ ನುಂಗುತ್ತಾಳೆ. ಪೊಟ್ಟಣದಲ್ಲಿದ್ದದ್ದು ಏಳು. ಮೊದಲನೆಯದನ್ನು ಅವಳೇ ನುಂಗಿದ್ದಳು, ಏನೂ ಆಗಲಿಲ್ಲ. ಎರಡನೆಯದು ತಿಪ್ಪೇಶನ ಪಾಲಾಯಿತು. ಉಳಿದ ಐದರಲ್ಲಿ ಒಳ್ಳೆಯವು ಎಷ್ಟು, ಕೆಟ್ಟವು ಎಷ್ಟು, ಹೇಳಬಲ್ಲವರು ಯಾರೂ ಇಲ್ಲ.

ಮುಂದಿನ ಏರು ಮುಗಿದು ಅವಳು ಕಣಿವೆಬಾಯಿ ಮುಟ್ಟುವುದು ಹನ್ನೊಂದೂವರೆಯ ಸುಮಾರಿಗೆ. ಅದರಾಚೆ, ಬಂಡೆಯ ಮೈಗೆ ಬಡಿದ ಕಬ್ಬಿಣದ ಸರಪಳಿ ಹಿಡಿದು ಇಳಿಯಬೇಕಾದ ಅರ್ಧ ಮೈಲಿಯ ದಾರಿ. ಆ ದಾರಿಯಲ್ಲಿ ಕಣ್ಣು ಎಳೆದವರು ಏಳುವ ಮಾತಿಲ್ಲ. ಹೆಣ ಸಿಕ್ಕರೂ, ಕಾಲು ಜಾರಿ ಬಿದ್ದಳೆಂದು ಬರೆದು ಕಡತ ಮುಚ್ಚುತ್ತಾರೆ.

ಕಲ್ಲುಮನೆಯ ಒಡತಿ ಮಾರ್ಗೋ ಮೂಲೆಯಲ್ಲಿ ಕುಳಿತು ವೈರ್‌ಲೆಸ್ಸಿನಲ್ಲಿ ಮೇಲಿನ ಕಾವಲಿನವರನ್ನು ಕರೆಯುತ್ತಿದ್ದಳು. ಮರುದನಿಯಾಗಿ ಬರುತ್ತಿದ್ದದ್ದು ಬರೀ ಗರಗರ ಸದ್ದು. ಅವಳ ಗಂಡ ಹೊನ್ನೂರಮ್ಮನನ್ನು ತಡೆಯಲೆಂದು ಬೆಟ್ಟ ಹತ್ತಿದ್ದ. ಆದರೆ ಅವನ ವಯಸ್ಸು ಐವತ್ತೆಂಟು, ಅವಳದು ಇಪ್ಪತ್ತಾರು. ಸ್ಪರ್ಧಿಗಳು ಎಲ್ಲೆಲ್ಲಿದ್ದಾರೆಂದು ತೋರಿಸುವ ಕಂಪ್ಯೂಟರಿನ ನಕ್ಷೆ ಇಲ್ಲಿನ ಇಂಟರ್ನೆಟ್ ಕಡಿದಾಗಿನಿಂದ ಕದಲದೆ ನಿಂತಿತ್ತು.

ಹೀಗಾಗಿ ರುದ್ರಾಣಿಯ ಕೈಯಲ್ಲಿ ಉಳಿದಿದ್ದದ್ದು ಒಂದೇ ಕೆಲಸ. ಹೊನ್ನಾಳಿ ಪೊಲೀಸ್ ಠಾಣೆಯಲ್ಲಿ ಮೂವತ್ತೊಂದು ವರ್ಷ ಮಾಡಿದ ಕೆಲಸ. ಎದುರಿಗಿರುವವನನ್ನು ಮಾತಾಡಿಸುವುದು.

“ಕುಂದ್ರಿ ಮೇಷ್ಟ್ರೇ,” ಎಂದಳು.

ವಿನಯ್ ಕುಮಾರ್ ಚನ್ನಗಿರಿಯ ಶಾಲೆಯೊಂದರಲ್ಲಿ ವ್ಯಾಯಾಮದ ಮೇಷ್ಟ್ರು; ನಾಲ್ಕು ತಾಲ್ಲೂಕುಗಳಿಂದ ಆರಿಸಿದ ಈ ಪುಟ್ಟ ತಂಡಕ್ಕೆ ತರಬೇತುದಾರ. ಓಟಗಾರರ ಊಟ, ನೀರು, ಮಾತ್ರೆ, ಎಲ್ಲವೂ ಅವನ ಜವಾಬ್ದಾರಿ. ಅವನು ಬೆಂಚಿನ ತುದಿಯಲ್ಲಿ, ಯಾವ ಕ್ಷಣದಲ್ಲಾದರೂ ಎದ್ದು ಓಡುವವನಂತೆ ಕುಳಿತ.

“ಈ ಚಳಿಗೆ ನಿಜ ಹೇಳಾಕೂ ಬಾಯಿ ತಿರುಗಲ್ಲ ಅಕ್ಕಾರೆ, ಇನ್ನ ಸುಳ್ಳೆಲ್ಲಿಂದ ಹೇಳ್ಲಿ?” ಎಂದು ನಗಲು ನೋಡಿದ.

“ತಿರುಗ್ತಾ ಐತಲ್ಲ, ಚೆನ್ನಾಗೇ ತಿರುಗ್ತಾ ಐತೆ. ಇನ್ನೊಂದು ಸಲ ಹೇಳ್ರಿ. ಎಲ್ಲಿ ಕೊಟ್ರಿ?”

“ಹೋಟೆಲಿನ ತಿಂಡಿ ಕೋಣೇಲಿ. ಓಟ ಶುರುವಾಗಾಕೆ ಒಂದು ಗಂಟೆ ಮುಂಚೆ.”

“ಹೆಂಗೆ ಕೊಟ್ರಿ?”

“ಹೆಂಗೆ ಅಂದ್ರೆ? ‘ತಗಳವ್ವ, ಏಳು ಅದಾವೆ’ ಅಂದೆ. ಕೈ ಚಾಚಿದ್ಲು. ಇಟ್ಟೆ.”

“ಯಾವ ಕೈ?”

“ಬಲಗೈ. ಇಲ್ಲಿನ ಪೊಲೀಸ್ನೋರೂ ಫೋನಿನಾಗೆ ಇದನ್ನೇ ಕೇಳಿದ್ರು, ಇದನ್ನೇ ಹೇಳಿದೀನಿ. ಅವ್ರು ಒಪ್ಕೊಂಡ್ರು. ನೀವು ನಮ್ಮೋರಾಗಿ ಒಪ್ತಿಲ್ಲ ನೋಡ್ರಿ.”

“ಅವ್ರು ಒಪ್ತಾರೆ,” ಎಂದಳು ರುದ್ರಾಣಿ.

ಮೇಜಿನ ಆ ತುದಿಯಲ್ಲಿ, ಬೇಯಿಸಿದ ಆಲೂಗಡ್ಡೆಯ ತಟ್ಟೆಯ ಪಕ್ಕ, ಮರದ ಬಟ್ಟಲೊಂದರಲ್ಲಿ ಕಲ್ಲುಪ್ಪು ಇತ್ತು. ರುದ್ರಾಣಿ ಒಂದು ಆಲೂಗಡ್ಡೆಯನ್ನು ಎತ್ತಿಕೊಂಡಳು. ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯನ್ನು ಅಂಗೈ ಮೇಲಾಗಿ ಚಾಚಿದಳು.

“ಬೆಳಿಗ್ಗಿಂದ ಹೊಟ್ಟೇಲಿ ಏನೂ ಇಲ್ಲ. ಆ ಉಪ್ಪು ಈ ಕಡಿ ಕೊಡ್ರಿ ಮೇಷ್ಟ್ರೇ.”

ವಿನಯ್ ಎದ್ದ. ಬಟ್ಟಲನ್ನು ಎತ್ತಿಕೊಂಡು ಎರಡು ಹೆಜ್ಜೆ ಬಂದ. ಚಾಚಿದ ಅಂಗೈಯನ್ನು ನೋಡಿಯೂ ನೋಡದವನಂತೆ, ಅದಕ್ಕೆ ಗೇಣು ದೂರದಲ್ಲಿ, ಮೇಜಿನ ಮೇಲೆ ಬಟ್ಟಲನ್ನಿಟ್ಟು ಕೈ ಹಿಂದಕ್ಕೆಳೆದುಕೊಂಡ.

ರುದ್ರಾಣಿ ಅಂಗೈಯನ್ನು ಮಡಚಲಿಲ್ಲ.

“ಕೈ ಚಾಚಿದ್ನಲ್ಲ. ಯಾಕೆ ಕೈಗೆ ಕೊಡ್ಲಿಲ್ಲ?”

“ಉಪ್ಪಲ್ವೇನ್ರಿ ಅಕ್ಕಾರೆ, ಉಪ್ಪನ್ನ ಯಾರಾದ್ರೂ ಕೈಗೆ...”

ಮಾತು ಅಲ್ಲಿಗೇ ನಿಂತಿತು.

ಹೊರಗೆಲ್ಲೋ, ಓಟಗಾರರನ್ನು ಹುರಿದುಂಬಿಸಲು ಯಾರೋ ಹಸುವಿನ ಗಂಟೆ ಅಲ್ಲಾಡಿಸಿದರು.

“ಹೇಳ್ರಿ, ಯಾಕೆ ನಿಲ್ಸಿದ್ರಿ?” ರುದ್ರಾಣಿಯ ದನಿ ಏರಲಿಲ್ಲ. “ಉಪ್ಪನ್ನ ಕೈಯಿಂದ ಕೈಗೆ ಕೊಟ್ರೆ ಕೊಟ್ಟೋರಿಗೂ ಇಸ್ಕಂಡೋರಿಗೂ ಜಗಳ ಆಗ್ತದೆ. ನಿಮ್ಮವ್ವ ಕಲ್ಸಿದ್ದು, ನಮ್ಮವ್ವ ಕಲ್ಸಿದ್ದು. ಹೊನ್ನೂರಮ್ಮನವ್ವ ಕಲ್ಸಿಲ್ವಾ? ಇದೇ ಮೇಜಿನ ಹತ್ರ ಆ ಮಾರ್ಗೋ ಅವಳ ಅಂಗೈಗೆ ಚಿಟಿಕೆ ಉಪ್ಪು ಹಾಕಾಕೆ ಬಂದ್ಲು. ಹುಡುಗಿ ಹೌಹಾರಿ ಕೈ ಹಿಂದಕ್ಕೆಳ್ಕೊಂಡು, ತಟ್ಟೇಲಿ ಇಡು ಅಂತ ಸನ್ನೆ ಮಾಡಿದ್ಲು. ಗುರುತಿಲ್ಲದ ದೊರೆಸಾನಿ ಜೊತೆಗೂ ಜಗಳ ಬೇಡ ಅನ್ನೋಳು, ನಿನ್ನ ಕೈಯಿಂದ ಉಪ್ಪಿನ ಪೊಟ್ಟಣ ಇಸ್ಕಂಡ್ಲಾ?”

ಬಹುವಚನ ಯಾವಾಗ ಬಿದ್ದುಹೋಯಿತೋ ಅವಳಿಗೇ ತಿಳಿಯಲಿಲ್ಲ. ವಿನಯ್‌ಗೆ ತಿಳಿಯಿತು. ಅವನ ಮುಖದ ಬಣ್ಣ ಇಳಿದುಹೋಯಿತು.

“ಅಕ್ಕಾರೆ, ನಾನೇನೂ ಬೆರೆಸಿಲ್ಲ. ನನ್ನ ಮಕ್ಕಳಾಣೆ.”

“ಮಕ್ಕಳನ್ನ ಈ ಚಳಿಗೆ ಯಾಕೆ ಎಳ್ಕಂಡ್ ಬರ್ತೀಯ? ಪೊಟ್ಟಣ ಎಲ್ಲಿಟ್ಟೆ?”

“ಮೇಜಿನ ಮೇಲೆ.” ಅವನ ದನಿ ಒಡೆಯಿತು. “ಮೇಜಿನ ಮೇಲೇ ಇಟ್ಟೆ. ಅವಳು ಬಾಗಿಲಾಚೆ ಕುಂತು ಬೂಟಿನ ದಾರ ಬಿಗಿ ಮಾಡ್ಕಂತಿದ್ಲು. ‘ಇಲ್ಲಿಟ್ಟೀನಿ, ತಗಂಡ್ ಬಿಡವ್ವ’ ಅಂದೆ. ‘ಹೂಂ ಸಾರ್’ ಅಂದ್ಲು. ಯಜಮಾನ್ರು ಅಲ್ಲೇ ಕಾಫಿ ಕುಡೀತಾ ಇದ್ರು. ರೂಮಿನಾಗೆ ಮಫ್ಲರ್ ಬಿಟ್ಟು ಬಂದೀನಿ, ತಗಂಡ್ ಬಾ ಅಂದ್ರು. ಹೋದೆ. ಐದೇ ನಿಮಿಷ. ಬರೋ ಹೊತ್ತಿಗೆ ಅವಳು ಪೊಟ್ಟಣ ಚೀಲಕ್ಕೆ ಹಾಕ್ಕಂತಿದ್ಲು.”

ಯಜಮಾನರೆಂದರೆ ರೇಣುಕಪ್ರಸಾದ್. ಚನ್ನಗಿರಿಯ ಅಡಿಕೆ ಮಂಡಿಯೊಂದರ ಮಾಲೀಕರು; ಈ ತಂಡವನ್ನು ಕಟ್ಟಿ, ವೀಸಾದಿಂದ ಹಿಡಿದು ಬೂಟಿನವರೆಗೆ ಎಲ್ಲವನ್ನೂ ಮುಂದೆ ನಿಂತು ಮಾಡಿಸಿದ ದೊಡ್ಡ ಮನುಷ್ಯರು. ಹಳ್ಳಿಯ ಮಕ್ಕಳು ಆಲ್ಪ್ಸ್ ಏರಬೇಕೆಂದು ಸಭೆಯಲ್ಲಿ ಮಾತಾಡಿ ಚಪ್ಪಾಳೆ ಗಿಟ್ಟಿಸಿದವರು.

“ಐದು ನಿಮಿಷ ಕೋಣೇಲಿ ಮತ್ತ್ಯಾರಿದ್ರು?”

“ಯಾರೂ ಇರ್ಲಿಲ್ಲ.”

“ಕೈಗೆ ಕೊಟ್ಟೆ ಅಂತ ಹೇಳಾಕೆ ಹೇಳಿಕೊಟ್ಟೋರು ಯಾರು?”

ವಿನಯ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ. “ಯಜಮಾನ್ರೇ ಫೋನ್ ಮಾಡಿದ್ರು ಅಕ್ಕಾರೆ. ‘ತಿಪ್ಪೇಶ ಬಿದ್ದವ್ನೆ, ಪೊಲೀಸ್ನೋರು ಕೇಳ್ತಾರೆ. ಮೇಜಿನ ಮೇಲೆ ಬಿಟ್ಟು ಹೋದೆ ಅಂದ್ರೆ ಬೇಜವಾಬ್ದಾರಿ ಅಂತ ನಿನ್ನನ್ನೇ ಒಳಗೆ ಹಾಕ್ತಾರೆ. ಕೈಗೇ ಕೊಟ್ಟೆ ಅಂತ ಹೇಳು, ಅಷ್ಟೇ ಸಾಕು’ ಅಂದ್ರು. ಪರದೇಶದ ಜೈಲು, ಭಾಷೆ ಬರಲ್ಲ. ಹೆದರಿಬಿಟ್ಟೆ.”

ರುದ್ರಾಣಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಅವಳೊಳಗೆ ಜಾಗವೇ ಇರಲಿಲ್ಲ. ಅಲ್ಲಿ ತುಂಬಿದ್ದದ್ದು ಭಯ. ಹೊನ್ನೂರಮ್ಮ ಜಗಳೂರಿನ ಕಾಡಿನ ಕಾವಲುಗಾರ್ತಿ. ನಾಲ್ಕು ಕೊಂಬಿನ ಕೊಂಡುಕುರಿಯನ್ನು ಬೇಟೆಯಾಡಿ ಜೀಪಿನಲ್ಲಿ ಸಾಗಿಸುತ್ತಿದ್ದ ನಾಲ್ವರನ್ನು ಎರಡು ಮೈಲಿ ಅಡ್ಡದಾರಿಯಲ್ಲಿ ಓಡಿ ಅಡ್ಡಗಟ್ಟಿದವಳು. ಮೂವರು ಸಿಕ್ಕಿಬಿದ್ದಿದ್ದರು. ತಪ್ಪಿಸಿಕೊಂಡ ನಾಲ್ಕನೆಯವನ ಮುಖವನ್ನು ಗುರುತು ಹಿಡಿಯಬಲ್ಲವಳು ಅವಳೊಬ್ಬಳೇ, ಮತ್ತು ಆ ಗುರುತನ್ನು ಬರುವ ತಿಂಗಳು ನ್ಯಾಯಾಲಯದಲ್ಲಿ ಹೇಳಬೇಕಾಗಿತ್ತು. ಆ ನಾಲ್ಕನೆಯವನು ಯಾರ ಮನೆಯವನೋ, ಯಾರಿಗೆ ಬೇಕಾದವನೋ! ಓಡಿದ್ದಕ್ಕೆ ಸಿಕ್ಕ ಹೆಸರಿನಿಂದಲೇ ಅವಳು ಈ ತಂಡಕ್ಕೆ ಆಯ್ಕೆಯಾದಳೆಂದು ಎಲ್ಲರಂತೆ ರುದ್ರಾಣಿಯೂ ನಂಬಿದ್ದಳು. ಆಯ್ಕೆ ಮಾಡಿದವರು ಯಾರೆಂದು ಈಗ ನೆನಪಾಯಿತು.

“ಯಜಮಾನ್ರು ಈಗ ಎಲ್ಲಿ?”

“ಆಸ್ಪತ್ರೇಲಿ. ತಿಪ್ಪೇಶ ಬಿದ್ದ ಜಾಗದ ಹತ್ರ ರಸ್ತೆ ಐತಲ್ಲ, ಅಲ್ಲೇ ಇದ್ರಂತೆ. ಅವನ ಚೀಲಗೀಲ ಎಲ್ಲಾ ತಗಂಡು ಹಿಂದೆನೇ ಕಾರಿನಾಗೆ ಹೋದ್ರಂತೆ. ‘ಹುಡುಗನ ತಲೆ ಹತ್ರನೇ ಕುಂತೀನಿ’ ಅಂತ ಈಗ ತಾನೇ ಅಂದ್ರು.”

ರುದ್ರಾಣಿ ಮಾರ್ಗೋಳ ಕಡೆ ತಿರುಗಿದಳು. ಇಬ್ಬರ ಇಂಗ್ಲಿಷೂ ಕುಂಟುತ್ತಿತ್ತು. ಅದರಿಂದಲೇ ಒಬ್ಬರ ಮಾತು ಒಬ್ಬರಿಗೆ ಬೇಗ ಹತ್ತುತ್ತಿತ್ತು. ಮಾರ್ಗೋ ಗೋಡೆಯ ಫೋನಿನಲ್ಲಿ ಆಸ್ಪತ್ರೆಯನ್ನು ಹಿಡಿದಳು. ಕೇಳಿದಳು. ಮತ್ತೊಮ್ಮೆ ಕೇಳಿದಳು. ಫೋನನ್ನು ಎದೆಗೆ ಒತ್ತಿಕೊಂಡು ತಲೆಯಾಡಿಸಿದಳು.

ರೋಗಿಯ ಬಳಿ ಯಾರೂ ಇಲ್ಲ. ಬೆಳಿಗ್ಗೆಯಿಂದ ಯಾರೂ ಬಂದಿಲ್ಲ. ಅವನ ಚೀಲವೂ ಬಂದಿಲ್ಲ.

ಹತ್ತು ವರ್ಷ ತಲೆಬಾಗಿ ನಿಂತು ಮಾತಾಡಿದ ದೊಡ್ಡವರೊಬ್ಬರು ಸುಳ್ಳು ಹೇಳಿದ್ದನ್ನು ಅರಗಿಸಿಕೊಳ್ಳಲು ವಿನಯ್‌ಗೆ ಸಮಯ ಬೇಕಾಗಿತ್ತು. ಸಮಯವಿರಲಿಲ್ಲ.

ಆಗ ಮೂಲೆಯ ವೈರ್‌ಲೆಸ್ಸು ಕೆಮ್ಮಿದಂತೆ ಸದ್ದು ಮಾಡಿ, ಗಂಡಸಿನ ದನಿಯೊಂದು ಕೇಳಿಸಿತು.

ಮಾರ್ಗೋ ಅದರ ಮೇಲೆ ಎರಗಿದಳು. ಕಣಿವೆಬಾಯಿಯ ಕಾವಲಿನವರು! ಅವಳು ತನ್ನ ಭಾಷೆಯಲ್ಲಿ ಗಡಿಬಿಡಿಯಿಂದ ಹೇಳುತ್ತಿದ್ದ ಮಾತುಗಳಲ್ಲಿ ಹೊನ್ನೂರಮ್ಮನ ಎದೆಯ ನಂಬರು, ಇನ್ನೂರ ಹದಿನಾಲ್ಕು, ಎಂಬುದೊಂದೇ ರುದ್ರಾಣಿಗೆ ತಿಳಿಯುತ್ತಿತ್ತು. ನಂಬರನ್ನು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಲೇ ಅವಳು ಮಾತಾಡುತ್ತಿದ್ದಳು. ಕೊನೆಗೆ ತಿರುಗಿ, ಬೆವರಿದ ಹಣೆಯನ್ನು ಏಪ್ರನ್ನಿನಿಂದ ಒರೆಸಿಕೊಂಡು ತಿಳಿಸಿದಳು. ಹುಡುಗಿ ಇನ್ನೂ ಅಲ್ಲಿಗೆ ತಲುಪಿಲ್ಲ. ತಲುಪಿದ ತಕ್ಷಣ ನಿಲ್ಲಿಸುತ್ತಾರೆ. ಪೊಟ್ಟಣ ಕಿತ್ತುಕೊಳ್ಳುತ್ತಾರೆ. ಸರಪಳಿಯ ದಾರಿಗೆ ಬಿಡುವುದಿಲ್ಲ.

ವಿನಯ್ ಗೋಡೆಗೊರಗಿ ನೆಲಕ್ಕೆ ಜಾರಿ ಕುಳಿತು ಸದ್ದಿಲ್ಲದೆ ಅಳತೊಡಗಿದ. ರುದ್ರಾಣಿಗೆ ಮಾತ್ರೆಯ ಭಯ ಕಳೆದಂತಾಯಿತು. ಇನ್ನು ಅರ್ಧ ಗಂಟೆಯಲ್ಲಿ ಕಾವಲಿನವರ ಕೈಗೆ ಸಿಗುತ್ತಾಳೆ. ಹುಡುಗಿ ಬದುಕಿದಳು.

ಗಾಳಿ ಬೇಕೆನಿಸಿ ಕಿಟಕಿಯ ಬಳಿ ಹೋದಳು. ಆ ಕಲ್ಲುಮನೆಯಲ್ಲಿ ಮೊಬೈಲಿಗೆ ಜೀವ ಬರುತ್ತಿದ್ದುದು ಅಲ್ಲೊಂದೇ ಕಡೆ. ಬಂದ ಕೂಡಲೇ ಅದು ಬಡಿದುಕೊಂಡಿತು. ಜಗಳೂರಿನ ಕರೆ. ಹೊನ್ನೂರಮ್ಮನ ತಾಯಿ ತಿಪ್ಪಮ್ಮ. ಹೆಣ್ಣುಮಗಳೊಬ್ಬಳು ಜೊತೆಗೆ ಹೋಗದಿದ್ದರೆ ಮಗಳನ್ನು ಕಳಿಸುವುದಿಲ್ಲವೆಂದು ಹಟ ಹಿಡಿದು, ರುದ್ರಾಣಿಯನ್ನು ಈ ಬೆಟ್ಟಕ್ಕೆ ಅಟ್ಟಿದವಳು ಆಕೆಯೇ.

ತಿಪ್ಪೇಶನ ಸುದ್ದಿಯನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ.

“ರುದ್ರಾಣಕ್ಕ? ಕೇಳ್ತೈತಾ? ಎಷ್ಟು ಸಲ ಮಾಡ್ಲವ್ವ ನಿಂಗೆ ಫೋನು!” ತಿಪ್ಪಮ್ಮನ ದನಿಯ ಹಿಂದೆ ಇಡೀ ಬೀದಿಯೇ ಮಾತಾಡುತ್ತಿತ್ತು. ಅಲ್ಲಿ ಮಧ್ಯಾಹ್ನದ ಎರಡೂವರೆ. “ಇಲ್ಲಿ ನನ್ನ ತಮ್ಮ ಓಬಳೇಶ ಮೊಬೈಲಿನಾಗೆ ಓಟದ ನಕ್ಷೆ ಹಚ್ಕಂಡ್ ಕುಂತವ್ನೆ. ಊರೋರೆಲ್ಲ ನೋಡ್ತಾ ಅವ್ರೆ. ನನ್ನ ಮಗಳ ಚುಕ್ಕಿ ಹತ್ತು ನಿಮಿಷದಿಂದ ನಿಂತುಬಿಟ್ಟೈತೆ ಕಣಕ್ಕ. ಎದೆ ಢವಢವ ಅಂತಿತ್ತು ನಂಗೆ.”

“ನಿಂತೈತಾ? ಎಲ್ಲಿ ನಿಂತೈತೆ ತಿಪ್ಪಮ್ಮ?”

“ಗುಡ್ಡದ ತುದಿಗೆ ಇನ್ನೂ ವಸಿ ಕೆಳಗೆ. ಕಾಲುಗೀಲು ಉಳುಕ್ತೇನೋ ಅಂದ್ಕಂಡೆ. ಈಗ ಧೈರ್ಯ ಬಂತು ಬಿಡು. ತಿಪ್ಪೇಶ ಹತ್ತಿರ್ಕೇ ಬಂದವ್ನೆ.”

ತುದಿ ಮುಟ್ಟುವ ಮೊದಲೇ ಮಾತ್ರೆ ನುಂಗಿಬಿಟ್ಟಳೇ ಎಂದುಕೊಳ್ಳುತ್ತಿದ್ದ ರುದ್ರಾಣಿ, ತಿಪ್ಪೇಶನ ಹೆಸರು ಕೇಳಿ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಯಾರು?”

“ತಿಪ್ಪೇಶ ಕಣಕ್ಕ, ನಮ್ಮ ನ್ಯಾಮತಿ ಹುಡುಗ. ಇನ್ನೂರ ಹದಿನೈದು. ಬೆಳಿಗ್ಗಿಂದ ಅವನ ಚುಕ್ಕಿ ಕೆಳಗೇ ಬಿದ್ದಿತ್ತು. ಈಗ ನೋಡಿದ್ರೆ ಮೇಲಿಂದ ಇಳಿದು ಬರ್ತಾ ಅವ್ನೆ, ನನ್ನ ಮಗಳ ಕಡೀಗೆ. ಹೆಂಗೆ ಮೇಲಕ್ಕೆ ಹೋದ್ನೋ ಆ ದೇವ್ರೇ ಬಲ್ಲ. ಒಳ್ಳೇ ಹುಡುಗ, ಬಿಟ್ಟು ಹೋಗಲ್ಲ.”

ಪ್ರತಿಯೊಬ್ಬ ಸ್ಪರ್ಧಿಯ ಬೆನ್ನುಚೀಲಕ್ಕೆ ಬೆಂಕಿಪೆಟ್ಟಿಗೆ ಗಾತ್ರದ ಯಂತ್ರವೊಂದನ್ನು ಕಟ್ಟಿದ್ದರು. ನಕ್ಷೆಯ ಮೇಲೆ ಚುಕ್ಕಿಯಾಗಿ ಚಲಿಸುವುದು ಅದು, ಮನುಷ್ಯನಲ್ಲ. ತಿಪ್ಪೇಶನ ಚೀಲ ಆಸ್ಪತ್ರೆಗೆ ತಲುಪಿರಲಿಲ್ಲ; ಅದು ಯಜಮಾನರ ಕೈಯಲ್ಲಿತ್ತು. ಕಣಿವೆಯ ಊರಿನಿಂದ ಬೆಟ್ಟದ ನೆತ್ತಿಗೆ ತಂತಿಯ ಮೇಲೆ ಜಾರುವ ರೋಪ್‌ವೇ ತೊಟ್ಟಿಲು ಹದಿನೈದು ನಿಮಿಷದಲ್ಲಿ ಮುಟ್ಟಿಸುತ್ತದೆ. ಟಿಕೆಟ್ ಕೊಂಡ ಯಾರಾದರೂ ಹತ್ತಬಹುದು.

ರುದ್ರಾಣಿ ಫೋನನ್ನು ಕಿವಿಗೆ ಒತ್ತಿಕೊಂಡೇ, ಇನ್ನೊಂದು ಕೈಯಿಂದ ಕಿಟಕಿಯ ಗಾಜಿನ ಆವಿಯ ಮೇಲೆ 215 ಎಂದು ಬರೆದು, ಮಾರ್ಗೋಳಿಗೆ ಮೇಲೆ, ಮೇಲೆ ಎಂದು ಬೆರಳು ತೋರಿಸಿದಳು. ಮಾರ್ಗೋ ವೈರ್‌ಲೆಸ್ಸಿಗೆ ಹಾರಿದಳು. ಮತ್ತದೇ ಗರಗರ ಸದ್ದು.

“ತಿಪ್ಪಮ್ಮ, ಫೋನ್ ಇಡಬ್ಯಾಡ. ಎರಡೂ ಚುಕ್ಕಿ ಎಷ್ಟು ದೂರ ಅವೆ?”

“ದೂರ ಎಲ್ಲೈತೆ? ಓಬಳೇಶ, ಏನ್ಲಾ ಅದು? ಹೂಂ... ಎರಡೂ ಒಂದಾದ್ವಂತೆ ಕಣಕ್ಕ. ಒಂದರ ಮೇಲೊಂದು ಬಂದು ಕುಂತ್ವಂತೆ. ಕೂಡ್ಕಂಡ್ರು ಬಿಡು.”

ಜಗಳೂರಿನ ಬೀದಿಯಲ್ಲಿ ಜನ ಚಪ್ಪಾಳೆ ತಟ್ಟಿದ್ದು ಆಲ್ಪ್ಸಿನ ಕಿಟಕಿಯ ಬಳಿ ಸ್ಪಷ್ಟವಾಗಿ ಕೇಳಿಸಿತು.

ರುದ್ರಾಣಿ ಏನನ್ನೂ ಹೇಳಲಾರಳು. ಹೇಳಿದರೆ ತಾಯಿಯ ಎದೆ ಅಲ್ಲಿಯೇ ಒಡೆದೀತು. ಅವಳು ಗಾಜಿಗೆ ಹಣೆ ಒತ್ತಿ, ಏನೂ ಕಾಣದ ಆ ಬಿಳುಪಿನೊಳಗೆ ಕಣ್ಣು ನೆಟ್ಟು ನಿಂತಳು.

ಚಪ್ಪಾಳೆ ನಿಂತಿತು. ಅತ್ತ ಗಂಡಸರು ಏನೋ ತಮ್ಮತಮ್ಮಲ್ಲಿ ಮಾತಾಡಿಕೊಂಡರು.

“ಅಕ್ಕ,” ಎಂದಳು ತಿಪ್ಪಮ್ಮ. ದನಿಯಲ್ಲಿದ್ದ ಧೈರ್ಯ ಎಲ್ಲೋ ಸೋರಿಹೋಗಿತ್ತು. “ಈಗ ಒಂದೇ ಚುಕ್ಕಿ ಹೊಂಟೈತಂತೆ. ಇನ್ನೊಂದು ಅಲ್ಲೇ ಐತಂತೆ. ಯಾರ್ದು ನಿಂತೈತೋ ಓಬಳೇಶ ನಂಬರು ಓದ್ತಾ ಅವ್ನೆ, ತಡಿ.”